‘ವಾರ್’ ಹಾಡನ್ನು ಮೊದಲು ಹಾಡಿದವರು ಯಾರು?

ಅಮೆರಿಕದ ಯುದ್ಧವಿರೋಧಿ ಹಾಡು ಅಂದ್ರೆ ತುಂಬ ಜನರಿಗೆ ನೆನಪಾಗೋದು ಎಡ್ವಿನ್ ಸ್ಟಾರ್ ಗಂಟಲು ಹರಿದುಹೋಗುವಂತೆ ಹಾಡಿದ ‘ವಾರ್’. ವಿಯೆಟ್ನಾಂ ಯುದ್ಧ ನಡೀತಿದ್ದ 1970ರಲ್ಲಿ ಅದು ಮೂರು ವಾರ ಅಲ್ಲಿನ ನಂಬರ್ ಒನ್ ಹಾಡಾಗಿತ್ತು. ಆದರೆ ಅದನ್ನು ಮೊದಲು ಹಾಡಿದ್ದು ‘ದಿ ಟೆಂಪ್ಟೇಷನ್ಸ್’ ಅನ್ನೋ ಐವರ ಗುಂಪು. ಅವರ ಹಾಡನ್ನು ಸಿಂಗಲ್ ಆಗಿ ಬಿಡುಗಡೆ ಮಾಡಲು ಒಪ್ಪದೇ ಇದ್ದದ್ದು ಅವರದೇ ಕಂಪನಿ, ಮೋಟೌನ್.

ಯಾಕೆ? ಅದಕ್ಕೆ ಆ ಕಂಪನಿ ನಡೀತಿದ್ದ ರೀತಿ ಗೊತ್ತಿರಬೇಕು. ಡೆಟ್ರಾಯಿಟ್‌ನ ಕಾರು ಕಾರ್ಖಾನೆಯಲ್ಲಿ ದುಡಿದಿದ್ದ ಬೆರ್ರಿ ಗಾರ್ಡಿ, 1959ರಲ್ಲಿ ಮನೆಯವರಿಂದ 800 ಡಾಲರ್ ಸಾಲ ಪಡೆದು ಮೋಟೌನ್ ಶುರುಮಾಡಿದರು. ಕಪ್ಪು ಜನರ ಸಂಗೀತವನ್ನು ಬಿಳಿಯರ ಮನೆಯ ರೇಡಿಯೊಗೂ ತಲುಪಿಸೋದು ಅವರ ಲೆಕ್ಕಾಚಾರ. ಹಾಗಾಗಿ ಗಾಯಕರಿಗೆ ಒಂದೇ ಥರದ ಸೂಟು, ಚೋಲಿ ಆಟ್ಕಿನ್ಸ್ ಕಲಿಸಿದ ಹೆಜ್ಜೆಗಳು, ನಡೆನುಡಿಗೂ ಪ್ರತ್ಯೇಕ ಪಾಠ. ಇದನ್ನು ಬರೀ ಓಲೈಕೆ ಅಂತ ತಳ್ಳಿಹಾಕೋಕೆ ನನಗೆ ಮನಸ್ಸಿಲ್ಲ. ಸಾರ್ವಜನಿಕ ಜಾಗಗಳಲ್ಲಿ ವರ್ಣಭೇದವನ್ನು ನಿಷೇಧಿಸುವ ಕಾನೂನು ಬಂದದ್ದೇ 1964ರಲ್ಲಿ.

1961ರಲ್ಲಿ ಹುಟ್ಟಿದ ಟೆಂಪ್ಟೇಷನ್ಸ್ ಈ ಲೆಕ್ಕಾಚಾರಕ್ಕೆ ಹೇಳಿಮಾಡಿಸಿದಂತಿದ್ದರು. ಎಡ್ಡಿ ಕೆಂಡ್ರಿಕ್ಸ್ ಅವರ ತೆಳುವಾದ ಮೇಲುದನಿ, ಮೆಲ್ವಿನ್ ಫ್ರಾಂಕ್ಲಿನ್ ಅವರ ಪಾತಾಳದ ದನಿ, 1964ರಲ್ಲಿ ಬಂದು ಸೇರಿದ ಡೇವಿಡ್ ರಫಿನ್ ಅವರ ಒರಟು ದನಿ. ರಫಿನ್ ಹಾಡಿದ ‘ಮೈ ಗರ್ಲ್’ 1965ರಲ್ಲಿ ಗುಂಪಿನ ಮೊದಲ ನಂಬರ್ ಒನ್. ಜೇಮ್ಸ್ ಜೇಮರ್ಸನ್ ಬೇಸ್ ಗಿಟಾರಿನಲ್ಲಿ ನುಡಿಸಿದ ಮೊದಲ ಸ್ವರಗಳು ಕಿವಿಗೆ ಬಿದ್ದರೆ ಸಾಕು, ಹಾಡು ಯಾವುದು ಅಂತ ತಿಳಿಯುತ್ತೆ. ಆಮೇಲೆ ‘ಗೆಟ್ ರೆಡಿ’, ‘ಏಂಟ್ ಟೂ ಪ್ರೌಡ್ ಟು ಬೆಗ್’ ಬಂದವು. ಎಲ್ಲವೂ ಪ್ರೇಮಗೀತೆಗಳೇ.

1967ರ ಜುಲೈನಲ್ಲಿ ಡೆಟ್ರಾಯಿಟ್ ಹೊತ್ತಿ ಉರಿಯಿತು. ಕಪ್ಪು ಜನರ ಮೇಲಿನ ಪೊಲೀಸ್ ದೌರ್ಜನ್ಯದ ಸಿಟ್ಟು ಬೀದಿಗೆ ಬಂತು. 43 ಜನ ಸತ್ತರು. ಮರುವರ್ಷ ರಫಿನ್ ಅವರನ್ನು ಗುಂಪಿನಿಂದ ತೆಗೆದುಹಾಕಲಾಯಿತು, ಡೆನ್ನಿಸ್ ಎಡ್ವರ್ಡ್ಸ್ ಬಂದರು. ನಿರ್ಮಾಪಕ ನಾರ್ಮನ್ ವಿಟ್‌ಫೀಲ್ಡ್ ಮತ್ತು ಗೀತರಚನೆಕಾರ ಬ್ಯಾರೆಟ್ ಸ್ಟ್ರಾಂಗ್ ಸೇರಿ ಗುಂಪಿನ ದಿಕ್ಕನ್ನೇ ಬದಲಿಸಿದರು. ಬಡತನದ ಬಗ್ಗೆ ಮಾತಾಡಿದ ‘ಕ್ಲೌಡ್ ನೈನ್’ ಮೋಟೌನ್‌ಗೆ ಮೊದಲ ಗ್ರ್ಯಾಮಿ ತಂದುಕೊಟ್ಟಿತು.

1970ರ ‘ಸೈಕೆಡೆಲಿಕ್ ಶ್ಯಾಕ್’ ಆಲ್ಬಂನಲ್ಲಿ ‘ವಾರ್’ ಇತ್ತು. ಕಾಲೇಜು ಹುಡುಗರು ಇದನ್ನು ಸಿಂಗಲ್ ಆಗಿ ಬಿಡಿ ಅಂತ ಕಂಪನಿಗೆ ಪತ್ರ ಬರೆದರು. ಮೋಟೌನ್ ಒಪ್ಪಲಿಲ್ಲ: ಸಂಪ್ರದಾಯಸ್ಥ ಅಭಿಮಾನಿಗಳು ಕೈಬಿಟ್ಟರೆ ಅನ್ನೋ ಭಯ. ಕೊನೆಗೆ, ಕಳೆದುಕೊಳ್ಳೋದಕ್ಕೆ ಅಷ್ಟೇನೂ ಇಲ್ಲದ ಎಡ್ವಿನ್ ಸ್ಟಾರ್ ಕೈಯಲ್ಲಿ ಹಾಡಿಸಿದರು. ನಂಬರ್ ಒನ್ ಆಯ್ತು!

ತಮಾಷೆ ಏನಂದ್ರೆ, ವಿಯೆಟ್ನಾಂ ಯುದ್ಧದ ವಿರುದ್ಧ ಮಾರ್ಟಿನ್ ಲೂಥರ್ ಕಿಂಗ್ ಮಾಡಿದ ಭಾಷಣವನ್ನು ಅದೇ ವರ್ಷ ರೆಕಾರ್ಡ್ ಆಗಿ ಹೊರತಂದದ್ದೂ ಮೋಟೌನೇ, ‘ಬ್ಲ್ಯಾಕ್ ಫೋರಂ’ ಅನ್ನೋ ಉಪಸಂಸ್ಥೆಯ ಹೆಸರಲ್ಲಿ. ಹಾಗಾಗಿ ವಿಚಾರದ ಬಗ್ಗೆ ಕಂಪನಿಗೆ ತಕರಾರಿತ್ತು ಅಂತ ನನಗನಿಸೋಲ್ಲ. ತಮ್ಮ ಅತಿ ದೊಡ್ಡ ಸರಕಿನ ಮೇಲೆ ಅದರ ಕಲೆ ಅಂಟಬಾರದಿತ್ತು, ಅಷ್ಟೇ.

ಗುಂಪಿನವರನ್ನು ಬಂಡಾಯಗಾರರು ಅಂತ ಕರೆಯೋದೂ ತಪ್ಪಾಗುತ್ತೆ. ಕೆಂಡ್ರಿಕ್ಸ್‌ಗೆ ಈ ಹೊಸ ಶೈಲಿ ಹಿಡಿಸಿರಲೇ ಇಲ್ಲ. 1971ರಲ್ಲಿ ‘ಜಸ್ಟ್ ಮೈ ಇಮ್ಯಾಜಿನೇಷನ್’ ಅನ್ನೋ ಮೃದು ಪ್ರೇಮಗೀತೆಯನ್ನು ನಂಬರ್ ಒನ್‌ಗೆ ಏರಿಸಿ ಅವರು ಹೊರನಡೆದರು. ಮರುವರ್ಷ ‘ಪಾಪಾ ವಾಸ್ ಎ ರೋಲಿನ್ ಸ್ಟೋನ್’ ಬಂತು. ಆಲ್ಬಂನಲ್ಲಿ ಅದು ಸುಮಾರು 12 ನಿಮಿಷ ಉದ್ದ. ಮನೆ ಬಿಟ್ಟುಹೋದ ಅಪ್ಪನ ಬಗ್ಗೆ ಮಕ್ಕಳು ತಾಯಿಯನ್ನು ಕೇಳುವ ಪ್ರಶ್ನೆಗಳಿಗಾಗಿ ನೀವು ಮೂರು ನಿಮಿಷಕ್ಕೂ ಹೆಚ್ಚು ಕಾಯಬೇಕು. ಇದಕ್ಕೆ ಮೂರು ಗ್ರ್ಯಾಮಿ ಸಿಕ್ಕವು.

‘ವಾರ್’ನ ಎರಡೂ ರೆಕಾರ್ಡಿಂಗ್ ಈಗ ಯೂಟ್ಯೂಬ್‌ನಲ್ಲಿವೆ. ಟೆಂಪ್ಟೇಷನ್ಸ್ ಹಾಡಿದ್ದನ್ನೇ ಮೊದಲು ಕೇಳಿ. ಸ್ಟಾರ್ ಅವರಷ್ಟು ಅಬ್ಬರ ಅದರಲ್ಲಿಲ್ಲ.