ಬಿಸಿಲು ಬಣ್ಣ ತೆಗೆಯುತ್ತೆ, ಉಪ್ಪು ತೆಗೆಯಲ್ಲ

ನಮ್ಮ ಹೊಲದ ಮಗ್ಗುಲ ಹಳ್ಳಕ್ಕೆ ಮೇಲಿನ ಊರಿನ ನೂಲಿಗೆ ಬಣ್ಣ ಹಾಕುವವರ ನೀರು ಸೇರುತ್ತದೆ. ಒಂದಿನ ಕೆಂಪು, ಒಂದಿನ ನೀಲಿ. ಬಣ್ಣ ಕಂಡರೆ ಎತ್ತಿಗೂ ಕುಡಿಸುತ್ತಿರಲಿಲ್ಲ. 2018ರಲ್ಲಿ ಮಳೆ ಕೈಕೊಟ್ಟಾಗ ಹಳ್ಳದ ನೀರು ತಿಳಿಯಾಗಿತ್ತು. ನಂಬಿದೆ. ಎಂಜಿನ್ ಹೂಡಿ ಅರ್ಧ ಎಕರೆ ಈರುಳ್ಳಿಗೆ ಮೂರು ಸಲ ಹಾಯಿಸಿದೆ. ಎಲೆ ತುದಿ ಸುಟ್ಟಿತು, ಗಡ್ಡೆ ಊದಲಿಲ್ಲ, ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟಿತು. ಆಮೇಲೆ ಪರೀಕ್ಷೆ ಮಾಡಿಸಿದರೆ ನೀರಿನ ವಿದ್ಯುತ್ ವಾಹಕತೆ 4 ದಾಟಿತ್ತು.

ಈಗ ಬಿಸಿಲಿನಿಂದ ಬಣ್ಣ ಒಡೆಯುವ ಪುಡಿಗಳ ಸುದ್ದಿ ಕೇಳುತ್ತಿದ್ದೇವೆ. ರಸಾಯನಶಾಸ್ತ್ರ ಓದಿದ ಮಗಳು ಬಿಡಿಸಿ ಹೇಳಿದ್ದನ್ನು ನನಗೆ ತಿಳಿದಂತೆ ಬರೆದಿದ್ದೇನೆ.

ಪುಡಿ ಕೆಲಸ ಮಾಡುವ ಬಗೆ

ಗೋಡೆಯ ಬಿಳಿ ಪೇಂಟಿನಲ್ಲಿರುವ ಟೈಟಾನಿಯಂ ಡೈಆಕ್ಸೈಡೇ ಇದರಲ್ಲಿ ಮುಖ್ಯ. ಬೆಳಕು ಬಿದ್ದರೆ ಅದು ನೀರನ್ನು ಒಡೆಯಬಲ್ಲದು ಅಂತ ಜಪಾನಿನ ಫುಜಿಶಿಮಾ ಮತ್ತು ಹೋಂಡಾ 1972ರಲ್ಲಿ ಪ್ರಕಟಿಸಿದರು. ಬೆಳಕಿಗೆ ಪುಡಿಯೊಳಗಿನ ಎಲೆಕ್ಟ್ರಾನ್ ಜಿಗಿದು ಜಾಗ ಖಾಲಿಯಾಗುತ್ತದೆ. ಆಗ ನೀರು, ಗಾಳಿಯಿಂದ ಹುಟ್ಟುವ ಉಗ್ರ ಕಣಗಳು ಬಣ್ಣವನ್ನು ತುಂಡು ತುಂಡು ಮಾಡುತ್ತವೆ.

ಪುಡಿ ನುಣ್ಣಗಾದಷ್ಟೂ ಮೈ ಹೆಚ್ಚು. ನ್ಯಾನೋ ಪುಡಿಯ ಒಂದು ಗ್ರಾಮಿಗೆ ಸುಮಾರು 50 ಚದರ ಮೀಟರ್ ಮೈ. ಎರಡು ಗ್ರಾಂ ಅಂದರೆ ಒಂದು ಗುಂಟೆ!

ಆದರೆ ಇದು ಹಿಡಿಯುವುದು ನೇರಳಾತೀತ ಕಿರಣ ಮಾತ್ರ. ಬಿಸಿಲಿನಲ್ಲಿ ಅದಿರುವುದು ನೂರಕ್ಕೆ ನಾಲ್ಕೈದು ಪಾಲು. ಜಿಗಿದ ಎಲೆಕ್ಟ್ರಾನ್ ತಿರುಗಿ ಅದೇ ಕುಳಿಗೆ ಬಿದ್ದರೂ ಕೆಲಸ ಕೆಡುತ್ತದೆ. ಅದಕ್ಕೇ ಇನ್ನೊಂದು ಲೋಹದ ಆಕ್ಸೈಡ್, ಕಬ್ಬಿಣದ್ದೋ ತಾಮ್ರದ್ದೋ, ಬೆರೆಸುತ್ತಾರೆ. ಜೋಳದಲ್ಲಿ ತೊಗರಿ ಅಕ್ಕಡಿ ಹಾಕಿದಂಗೆ. ಒಂದು ಬಿಟ್ಟ ಬೆಳಕನ್ನು ಇನ್ನೊಂದು ಹಿಡಿಯುತ್ತದೆ, ಎಲೆಕ್ಟ್ರಾನನ್ನೂ ಆಚೆ ಎಳೆದುಕೊಳ್ಳುತ್ತದೆ. ಈ ಜೋಡಿಗೇ ನ್ಯಾನೋ ಕಾಂಪೊಸಿಟ್ ಅನ್ನುವುದು.

ಗಾಢ ಬಣ್ಣದ ನೀರಿಗೆ ಇದು ಸಾಲದು, ಬೆಳಕು ಒಳಗೆ ಇಳಿಯಲ್ಲ. ಕೆಲಸ ಮುಗಿದ ಮೇಲೆ ಪುಡಿಯನ್ನು ಸೋಸಿ ತೆಗೆಯುವುದೂ ಕಷ್ಟ.

ನಮಗೆ ಮುಖ್ಯವಾದದ್ದು

ಹತ್ತಿ ನೂಲಿಗೆ ರಿಯಾಕ್ಟಿವ್ ಬಣ್ಣ ಹಿಡಿಸಲು ಸಾಮಾನ್ಯವಾಗಿ ಲೀಟರಿಗೆ 30ರಿಂದ 80 ಗ್ರಾಂ ಉಪ್ಪು ಹಾಕುತ್ತಾರೆ. ಬಣ್ಣ ಒಡೆದರೂ ಈ ಉಪ್ಪು ನೀರಲ್ಲೇ ಉಳಿಯುತ್ತದೆ. ಉಪ್ಪನ್ನು ಯಾವ ಬೆಳಕೂ ಒಡೆಯಲ್ಲ. ನನ್ನ ಈರುಳ್ಳಿ ಕೆಡಿಸಿದ್ದು ಇದೇ.

ತಮಿಳುನಾಡಿನ ತಿರುಪ್ಪೂರು ನೋಡಿ. ನೊಯ್ಯಲ್ ಹೊಳೆಗೆ ನೀರಾವರಿಗೆಂದು ಕಟ್ಟಿದ ಒರತ್ತುಪಾಳ್ಯಂ ಅಣೆಕಟ್ಟೆಯಲ್ಲಿ ಬಣ್ಣದ ಘಟಕಗಳ ಉಪ್ಪುನೀರು ನಿಂತು ಬೆಳೆಗೆ ಬಾರದಾಯಿತು. ರೈತರು ಕೋರ್ಟಿಗೆ ಹೋದರು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು ಘಟಕಗಳನ್ನು ಮುಚ್ಚಲು ಆದೇಶಿಸಿತು. ಆಮೇಲೆ ಒಂದು ಹನಿಯೂ ಹೊರಬಿಡದೆ ಉಪ್ಪನ್ನೂ ಬೇರ್ಪಡಿಸುವ ವ್ಯವಸ್ಥೆ ಬಂತು.

ನೀರು ತಿಳಿಯಾಗಿದೆ ಅಂತ ಹಾಯಿಸಬೇಡಿ. ಒಂದು ತಟ್ಟೆಯಲ್ಲಿ ಆ ನೀರು, ಇನ್ನೊಂದರಲ್ಲಿ ಅಷ್ಟೇ ಮಳೆನೀರು ಬಿಸಿಲಿಗಿಟ್ಟು ಆರಿಸಿ. ಬಿಳಿ ಪುಡಿ ಉಳಿದರೆ ಪರೀಕ್ಷೆಗೆ ಕಳಿಸಿ. ವಿದ್ಯುತ್ ವಾಹಕತೆ 0.7ರ ಒಳಗಿದ್ದರೆ ಚಿಂತೆಯಿಲ್ಲ. 3 ದಾಟಿದರೆ ಬೇಡ. ಸೋಡಿಯಂ ಎಷ್ಟಿದೆ ಅಂತಲೂ ಕೇಳಿ, ಅದು ಕರಿಮಣ್ಣನ್ನು ಗಟ್ಟಿ ಮಾಡುತ್ತದೆ. ಒಂದು ಬೆಳೆ ಹೋದರೆ ಮುಂದಿನ ವರ್ಷ ಬಂದೀತು. ಮಣ್ಣು ಕೆಟ್ಟರೆ ಬೇಗ ಬರಲ್ಲ.