ಗೂಡು ಬೆಳ್ಳೂರಲ್ಲಿ, ಊಟ ನಮ್ಮ ಕೆರೇಲಿ

ಯುಗಾದಿ ಕಳೆದು ಹೊನ್ನಾರು ಹೂಡುವ ಹೊತ್ತಿಗೆ ನಮ್ಮ ಹೊಂಗನೂರು ಸುತ್ತಿನ ಖುಷ್ಕಿ ರೈತರಿಗೆ ಸ್ವಲ್ಪ ಬಿಡುವು. ಮಳೆ ಬಂದರೆ ಉಳುಮೆ, ಇಲ್ಲದಿದ್ದರೆ ಬದು ಸರಿಮಾಡೋದು, ಗೊಬ್ಬರ ಹೊಡೆಯೋದು. ಆದರೆ ಪಕ್ಕದ ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಇದೇ ಹೊತ್ತಿಗೆ ಕೈತುಂಬ ಕೆಲಸ. ಊರಿನ ಮರಗಳ ತುಂಬ ಹಕ್ಕಿಮರಿಗಳು, ಅವನ್ನು ಕಾಯುವ ಕೆಲಸ.

ಹಕ್ಕಿ ನೋಡುವ ಸಂಘ ಅಂದರೆ ಬೆಂಗಳೂರಿನಿಂದ ಕತ್ತಿಗೆ ದುರ್ಬೀನು ನೇತುಹಾಕಿಕೊಂಡು ಬರುವವರು ಅಂತ ನಮ್ಮಲ್ಲಿ ಬಹಳ ಜನರ ತಿಳಿವಳಿಕೆ. ಬೆಳ್ಳೂರಿನದು ಹಾಗಲ್ಲ. ಅಲ್ಲಿ ಹಕ್ಕಿ ಕಾದವರು ಬೇಸಾಯದ ಮನೆಯ ಹುಡುಗರು. ಆದ್ದರಿಂದಲೇ ಈ ವಿಷಯ ರೈತರ ಪತ್ರಿಕೆಯಲ್ಲಿ ಬರಬೇಕು ಅಂತ ಬರೀತಿದ್ದೇನೆ.

ಊರೊಳಗೇ ಬಾಣಂತನ

ಬೆಳ್ಳೂರು ಶಿಂಷಾ ನದಿಯ ಹತ್ತಿರದ ಊರು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಚನ್ನಪಟ್ಟಣ ದಾಟಿ, ಮದ್ದೂರಿಗೆ ಮುಂಚೆ ರುದ್ರಾಕ್ಷಿಪುರದ ಹತ್ತಿರ ತಿರುಗಿದರೆ ಸಿಗುತ್ತೆ. ಕಾಡಿಲ್ಲ, ದ್ವೀಪವಿಲ್ಲ. ಮನೆ ಹಿತ್ತಲಿನ, ಬೀದಿ ಬದಿಯ ಹುಣಸೆ, ಅರಳಿ, ಅತ್ತಿ ಮರಗಳೇ ಹಕ್ಕಿಗಳ ಠಾವು. ಚಳಿಗಾಲದಲ್ಲಿ ಹೆಜ್ಜಾರ್ಲೆಗಳು ಬಂದು ಗೂಡು ಹೂಡುತ್ತವೆ. ಬಣ್ಣದ ಕೊಕ್ಕರೆಗಳೂ ಬಂದು ಸೇರುತ್ತವೆ. ಮುಂಗಾರು ಹಿಡಿಯುವ ಹೊತ್ತಿಗೆ ಮರಿಗಳನ್ನು ಹಾರಿಸಿಕೊಂಡು ಹೊರಟುಬಿಡುತ್ತವೆ.

ಇವು ಹೆರಿಗೆಗೆ ತವರಿಗೆ ಬರುವ ಹೆಣ್ಣುಮಕ್ಕಳು ಅಂತ ಅಲ್ಲಿನವರ ಮಾತು. ಸುಮಾರು ನೂರು ವರ್ಷದ ಹಿಂದೆ ಪ್ಲೇಗು ಬಂದು ಊರು ಜಾಗ ಬದಲಾಯಿಸಿದಾಗ ಹಕ್ಕಿಗಳೂ ಜನರ ಹಿಂದೆಯೇ ಬಂದವು ಅಂತ ಹಿರಿಯರು ಹೇಳುತ್ತಾರೆ. ಹೊರಗಿನವರಿಗೆ ಈ ಊರಿನ ಸಂಗತಿ ಚೆನ್ನಾಗಿ ಗೊತ್ತಾಗಿದ್ದು 1976ರಲ್ಲಿ, ಅರಣ್ಯ ಅಧಿಕಾರಿ ಎಸ್. ಜಿ. ನೇಗಿನಹಾಳರು ಕಂಡು ಬರೆದ ಮೇಲೆ. 2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸಿತು.

ಹುಣಸೆಯೋ, ಹಕ್ಕಿಯೋ

ಹುಣಸೆ ಹಣ್ಣು ಬಡಿಯುವುದು ಸಂಕ್ರಾಂತಿಯಿಂದ ಯುಗಾದಿವರೆಗೆ. ಗೂಡಿನಲ್ಲಿ ಮೊಟ್ಟೆ, ಮರಿ ಇರುವುದೂ ಅದೇ ತಿಂಗಳುಗಳಲ್ಲಿ. ಮರ ಹತ್ತಿ ದೋಟಿ ಹಿಡಿದು ಬಡಿದರೆ ಗೂಡು ಉಳಿಯೋದಿಲ್ಲ. ಬಡಿಯದಿದ್ದರೆ ಆ ವರ್ಷದ ಫಸಲು ಕೈಬಿಟ್ಟಂತೆ.

ಇದರ ಬೆಲೆ ಎಷ್ಟು ಅಂತ ಖುಷ್ಕಿ ರೈತನಿಗೆ ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಹೊಲದ ಬದುವಿನಲ್ಲಿ ಅಜ್ಜನ ಕಾಲದ ಎರಡು ಹುಣಸೆ ಮರ ಇವೆ. ರಾಗಿ, ಹುರುಳಿ ಎರಡೂ ಕೈಕೊಟ್ಟ ವರ್ಷ ಅವುಗಳ ದುಡ್ಡಲ್ಲಿ ಮನೆ ನಡೆದಿದೆ. ಇಟ್ಟಿಗೆ ಗೂಡಿನವರು ಸೌದೆಗೆ ಕೊಡಿ ಅಂತ ಬಂದು ಕೇಳುತ್ತಲೇ ಇರುತ್ತಾರೆ. ಬೆಳ್ಳೂರಿನವರಿಗೂ ಇಂಥ ಆಸೆ ತೋರಿಸುವವರು ಇದ್ದೇ ಇರುತ್ತಾರೆ.

ನೇಗಿನಹಾಳರ ಕಾಲದಲ್ಲಿ ಒಂದು ಒಳ್ಳೆಯ ಏರ್ಪಾಡು ಶುರುವಾಯಿತು. ಗೂಡಿರುವ ಮರದ ಹಣ್ಣು ಬಡಿಯದೆ ಬಿಟ್ಟವರಿಗೆ ಅರಣ್ಯ ಇಲಾಖೆಯಿಂದ ಮರಕ್ಕಿಷ್ಟು ಅಂತ ಹಣ. ಏರ್ಪಾಡು ಸರಿಯಾದದ್ದೇ. ಆದರೆ ಆ ಹಣ ಫಸಲಿಗೆ ಸಮ ಆಗೋದಿಲ್ಲ ಅನ್ನುವುದು ಮರದ ಯಜಮಾನರ ಹಳೇ ದೂರು. ಹುಣಸೆ ಧಾರಣೆ ಏರಿದಂತೆ ಪರಿಹಾರವೂ ಏರಬೇಕು. ಕೈಗೂ ಸಕಾಲಕ್ಕೆ ಸಿಗಬೇಕು.

ಬಳಗದ ಬೇಸಿಗೆ ಕೆಲಸ

1990ರ ದಶಕದಲ್ಲಿ ಮೈಸೂರಿನ ಹಕ್ಕಿಪ್ರೇಮಿಗಳ ಜೊತೆ ಸೇರಿ ಊರಿನ ಯುವಕರು ‘ಹೆಜ್ಜಾರ್ಲೆ ಬಳಗ’ ಕಟ್ಟಿಕೊಂಡರು. ಗೂಡು ಎಣಿಸುವುದು, ಬಂದವರು ಕಲ್ಲು ಹೊಡೆಯದಂತೆ, ಪಟಾಕಿ ಹಚ್ಚದಂತೆ ನೋಡುವುದು ಇದ್ದದ್ದೇ. ಎಲ್ಲಕ್ಕಿಂತ ದೊಡ್ಡ ಕೆಲಸ ಅಂದರೆ ಬಿದ್ದ ಮರಿಗಳದ್ದು.

ರೇವತಿ, ಅಶ್ವಿನಿ ಮಳೆ ಗಾಳಿ ಜೊತೆಗೇ ಬರುತ್ತವಲ್ಲ, ಆಗ ಕೊಂಬೆ ತೂಗಾಡಿ ಮರಿಗಳು ಉದುರುತ್ತವೆ. ಗೂಡಿನೊಳಗಿನ ಜಗಳದಲ್ಲೂ ಬೀಳುತ್ತವೆ. ಕೆಳಗೆ ಬಿದ್ದ ಮರಿಗೆ ತಾಯಿ ಇಳಿದು ಬಂದು ಉಣಿಸೋದಿಲ್ಲ. ನಾಯಿ ಬಾಯಿಗೆ ಹೋಗುತ್ತೆ, ಇಲ್ಲವೇ ಹಸಿದು ಸಾಯುತ್ತೆ. ಬಳಗದವರು ಇಂಥ ಮರಿಗಳನ್ನು ಬೇಲಿ ಕಟ್ಟಿದ ಆವರಣದಲ್ಲಿಟ್ಟು, ಮೀನು ಹಾಕಿ ಸಾಕಿ, ರೆಕ್ಕೆ ಬಲಿತ ಮೇಲೆ ಬಿಟ್ಟರು. ದೊಡ್ಡ ಹೆಜ್ಜಾರ್ಲೆ ರೆಕ್ಕೆ ಬಿಚ್ಚಿದರೆ ಏಳೆಂಟು ಅಡಿ. ಅಷ್ಟು ದೊಡ್ಡ ಹಕ್ಕಿಯ ಮರಿ ಎಷ್ಟು ತಿನ್ನಬಹುದು, ಯೋಚನೆ ಮಾಡಿ.

ಹಿಕ್ಕೆಯ ಲಾಭ

ಹಕ್ಕಿಯಿಂದ ರೈತನಿಗೆ ನಷ್ಟ ಮಾತ್ರ ಅಂತಲ್ಲ. ಬೆಳ್ಳೂರಿನವರು ಮರದಡಿ ಗುಂಡಿ ತೆಗೆದು ಕೆರೆಗೋಡು ತುಂಬಿಸುತ್ತಾರೆ. ತಿಂಗಳುಗಟ್ಟಲೆ ಹಿಕ್ಕೆ ಅದರ ಮೇಲೆ ಬಿದ್ದು ಬೆರೆಯುತ್ತೆ. ಹಕ್ಕಿ ಹೋದ ಮೇಲೆ ಆ ಮಣ್ಣನ್ನು ಹೊಲ ಗದ್ದೆಗೆ ಹೊಡೆಯುತ್ತಾರೆ. ಮೀನು ತಿನ್ನುವ ಹಕ್ಕಿಯ ಹಿಕ್ಕೆಯಲ್ಲಿ ಸಾರಜನಕ, ರಂಜಕ ಎರಡೂ ಹೆಚ್ಚು. ಹಸಿಯಾಗಿ ಹಾಕಿದರೆ ಪೈರು ಸುಡುತ್ತೆ, ಗೋಡಿನ ಜೊತೆ ಕಳಿತರೆ ಬಂಗಾರ. ಅಂಗಳ, ಸೂರು ಗಬ್ಬು ನಾರುವುದನ್ನು ಆ ಹೆಂಗಸರು ವರ್ಷಾ ವರ್ಷಾ ಸಹಿಸಿಕೊಂಡು ಬಂದಿದ್ದಾರೆ ಅನ್ನುವುದನ್ನೂ ಹೇಳಬೇಕು.

ಊಟ ಎಲ್ಲಿಂದ?

ಬೆಳ್ಳೂರು ಗೂಡಿಗೆ ಜಾಗ ಕೊಡಬಹುದು. ಅಷ್ಟು ಹಕ್ಕಿಗೆ ಮೀನು ಕೊಡೋದಕ್ಕೆ ಆ ಒಂದು ಊರಿನಿಂದ ಆಗೋದಿಲ್ಲ. ಹೆಜ್ಜಾರ್ಲೆ ಮೀನಿಗಾಗಿ ಮೈಲಿಗಟ್ಟಲೆ ಹಾರುತ್ತೆ. ಶಿಂಷಾ, ತೈಲೂರು ಕೆರೆ, ಸೂಳೆಕೆರೆ ಅಂತ ಸುತ್ತಿ, ನಮ್ಮ ಚನ್ನಪಟ್ಟಣ ತಾಲೂಕಿನ ಕೆರೆಗಳಿಗೂ ಬರುತ್ತೆ. ಬೆಳಗಿನ ಬಿಸಿಲೇರಿದ ಮೇಲೆ ನಮ್ಮ ಹೊಲದ ಮೇಲೆ ಸಾಲುಗಟ್ಟಿ ಹೋಗುವುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ.

ಬೇಸಿಗೆಯಲ್ಲಿ ನೀರು ಇಳಿದಂತೆ ಮೀನು ಒಂದು ಕಡೆ ಸೇರುತ್ತೆ. ಹೆಜ್ಜಾರ್ಲೆಗೆ ಸುಲಭವಾಗಿ ಸಿಗುತ್ತೆ. ಮರಿ ದೊಡ್ಡದಾಗುವ ಕಾಲಕ್ಕೆ ಇದು ಸರಿಯಾಗಿ ಕೂಡಿ ಬರುತ್ತೆ. ಆದರೆ ಕೆರೆ ಪೂರ್ತಿ ಬತ್ತಿದರೆ ಮರಿಗಳಿಗೆ ಉಪವಾಸವೇ ಗತಿ. ನಾನು ಕಂಡ ಒಂದು ಕೆರೆಯಲ್ಲಿ ಮೀನು ಗುತ್ತಿಗೆಯವರು ಕೊನೇ ಮೀನು ಹಿಡಿಯೋದಕ್ಕೆ ಮೋಟಾರಿಟ್ಟು ತಳದ ನೀರನ್ನೂ ಎತ್ತಿ ಹಾಕಿದರು. ಹಕ್ಕಿಗೂ ಇಲ್ಲ, ದನಕ್ಕೂ ಇಲ್ಲ. ತಿಂಗಳೊಳಗೆ ಪಕ್ಕದ ಬೋರುಗಳೂ ನಿಂತವು.

ನೀರು ಇದ್ದರೆ ಸಾಲದು, ಚೊಕ್ಕಟವಾಗಿಯೂ ಇರಬೇಕು. 2017ರ ಡಿಸೆಂಬರಿನಿಂದ ಮಾರನೇ ವರ್ಷದ ಬೇಸಿಗೆವರೆಗೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೆ ಒಂದು ಸತ್ತವು. ಕೊಯ್ದು ನೋಡಿದರೆ ಹೊಟ್ಟೆ ತುಂಬ ಜಂತುಹುಳು. ಮೀನಿನ ಮೂಲಕ ಒಳಗೆ ಹೋಗುವ ಹುಳು ಅದು. ಊರ ಚರಂಡಿ, ಕೋಳಿ ಅಂಗಡಿ ಕಸ ಎಲ್ಲ ಕೆರೆಗೆ ಬಿಡುವ ನಾವು ಇದನ್ನು ಬೆಳ್ಳೂರಿನವರ ಕಷ್ಟ ಅಂತ ಕೈ ತೊಳೆದುಕೊಳ್ಳುವಂತಿಲ್ಲ.

ನಾವು ಮಾಡಬಹುದಾದ್ದು

ಒಂದು: ಕೆರೆ ಮೀನು ಹರಾಜಿಗೆ ಬಂದಾಗ, ತಳದ ಗುಂಡಿ ನೀರು ಎತ್ತಕೂಡದು, ಹಕ್ಕಿ ಓಡಿಸಲು ಪಟಾಕಿ ಹೊಡೆಯಕೂಡದು ಅಂತ ಕರಾರಿನಲ್ಲೇ ಬರೆಸಬೇಕು. ಗ್ರಾಮಸಭೆಯಲ್ಲಿ ನಾಲ್ಕು ಜನ ಎದ್ದು ಕೇಳಿದರೆ ಆಗುವ ಕೆಲಸ. ದನಕರು ಇರುವ ಪ್ರತಿಯೊಬ್ಬರಿಗೂ ಇದರಿಂದ ಲಾಭವಿದೆ.

ಎರಡು: ಹರಿದ ಬಲೆ, ಪ್ಲಾಸ್ಟಿಕ್ ದಾರ ಕೆರೆ ಅಂಗಳದಲ್ಲಿ ಬಿಡಬಾರದು. ಕೊಕ್ಕಿಗೆ, ಕಾಲಿಗೆ ಸುತ್ತಿಕೊಂಡರೆ ಹಕ್ಕಿಗೆ ಬಿಡಿಸಿಕೊಳ್ಳಲು ಬರೋದಿಲ್ಲ.

ಮೂರು: ಮರ ನೆಡಬೇಕು. ಬೆಳ್ಳೂರಿನ ಗೂಡುಮರಗಳಲ್ಲಿ ಹಳೆಯವು ಮುಪ್ಪಿಗೆ ಬಂದಿವೆ. ಕಸಿ ಹುಣಸೆ ಬೇಗ ಫಸಲು ಕೊಟ್ಟರೂ ಗಿಡ್ಡವಾಗಿ ಉಳಿಯುತ್ತೆ. ಹಕ್ಕಿಗೆ ಬೇಕಾದದ್ದು ಬೀಜದಿಂದ ಬೆಳೆದ ಎತ್ತರದ, ಹರಡಿದ ಮರ. ಮುಂಗಾರಿಗೆ ಮುಂಚೆ ಗೋಣಿ, ಅರಳಿಯ ತೋಳು ಗಾತ್ರದ, ಆರೇಳು ಅಡಿ ಉದ್ದದ ಕೊಂಬೆ ಕಡಿದು, ತುದಿಗೆ ಸಗಣಿ ಮೆತ್ತಿ ಕೆರೆ ಏರಿಯ ಕೆಳಗೆ, ಗೋಮಾಳದ ಅಂಚಿನಲ್ಲಿ ಊರಿದರೆ ಸಾಕು, ಚಿಗುರುತ್ತವೆ. ಆಡು ಮೇಯದಂತೆ ಎರಡು ವರ್ಷ ಮುಳ್ಳು ಕಟ್ಟಬೇಕು ಅಷ್ಟೆ. ಏರಿಯ ಮೇಲೆ ಮಾತ್ರ ನೆಡಬೇಡಿ, ಬೇರು ಏರಿಯನ್ನು ಸೀಳುತ್ತೆ.

ನಾಲ್ಕು: ಏಪ್ರಿಲ್, ಮೇ ತಿಂಗಳಲ್ಲಿ ಒಂದು ದಿನ ಮಕ್ಕಳನ್ನು ಬೆಳ್ಳೂರಿಗೆ ಕರೆದುಕೊಂಡು ಹೋಗಿ. ಮರದಡಿ ಗಲಾಟೆ ಮಾಡಿಸಬೇಡಿ. ಅಲ್ಲಿನ ರೈತರನ್ನು ಹುಣಸೆ ಬಗ್ಗೆ, ಗೊಬ್ಬರದ ಬಗ್ಗೆ ಮಾತಾಡಿಸಿ. ಬರುವಾಗ ನಿಮ್ಮ ಊರ ಕೆರೆ ದಂಡೆಯಲ್ಲೂ ಹತ್ತು ನಿಮಿಷ ನಿಲ್ಲಿ. ಯಾವ ಯಾವ ಹಕ್ಕಿ ಎಷ್ಟು ಕೂತಿವೆ ಅಂತ ಮಕ್ಕಳ ಕೈಲಿ ಎಣಿಸಿ, ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆಸಿ. ಮುಂದಿನ ವರ್ಷ ಅದೇ ದಿನ ಮತ್ತೆ ಎಣಿಸಿದರೆ ಕೆರೆ ಆರೋಗ್ಯ ಏನು ಅನ್ನುವುದು ಯಾರೂ ಹೇಳದೆ ಗೊತ್ತಾಗುತ್ತೆ.