ಪಿಕಪ್ಪಿನ ಭಾರ ಹೊರುವ ಗಾಳಿ

ದಾವಣಗೆರೆ ಜಿಲ್ಲೆಯ ಕತ್ತಲಗೆರೆ ಸುತ್ತಿನ ಕಾಲುವೆ ಏರಿಗಳ ಮೇಲೆ ಭತ್ತದ ಚೀಲ, ಹಸಿ ಅಡಿಕೆ ಹೊತ್ತು ಓಡಾಡುವ ಪಿಕಪ್‌ಗಳ ಟೈರ್ ಸವೆದಾಗ ಅಂಗಡಿಯಲ್ಲಿ ಏಳುವ ಪ್ರಶ್ನೆ ಒಂದೇ: ಕಂಪನಿಯ ಅಳತೆಯನ್ನೇ ಹಾಕಿಸುವುದೋ, ಇನ್ನಷ್ಟು ದಪ್ಪದ್ದನ್ನೋ? ದಪ್ಪ ಟೈರ್ ಹೆಚ್ಚು ಭಾರ ಹೊರುತ್ತದೆ, ಕೆಸರಿನಲ್ಲಿ ಹೂತುಕೊಳ್ಳುವುದಿಲ್ಲ ಎಂಬ ನಂಬಿಕೆ ಬಲವಾಗಿದೆ. ಅದರಲ್ಲಿ ಅರ್ಧ ನಿಜವಿದೆ, ಇನ್ನರ್ಧಕ್ಕೆ ಸುಮ್ಮನೆ ದುಡ್ಡು ಸುರಿಯುತ್ತೇವೆ. ಏಕೆಂದರೆ ಗಾಡಿಯ ಭಾರವನ್ನು ಬಹುಪಾಲು ಹೊರುವುದು ಟೈರಿನೊಳಗಿನ ಗಾಳಿ. ರಬ್ಬರು, ನೂಲು, ಉಕ್ಕಿನ ತಂತಿಗಳದ್ದು ಆ ಗಾಳಿಯನ್ನು ಹಿಡಿದಿಡುವ ಕೆಲಸ.

ಈ ಉಪಾಯ ಮೊದಲು ಹೊಳೆದದ್ದು ಸ್ಕಾಟ್ಲೆಂಡಿನ ರಾಬರ್ಟ್ ಥಾಮ್ಸನ್‌ಗೆ. 1845ರಲ್ಲೇ ಪೇಟೆಂಟ್ ಪಡೆದರೂ ಕೊಳ್ಳುವವರಿರಲಿಲ್ಲ. 1888ರಲ್ಲಿ ಬೆಲ್‌ಫಾಸ್ಟ್‌ನ ಪಶುವೈದ್ಯ ಜಾನ್ ಡನ್ಲಪ್ ಮಗನ ಮೂರು ಚಕ್ರದ ಸೈಕಲ್ಲಿಗೆಂದು ಅದನ್ನೇ ಮತ್ತೆ ಕಂಡುಹಿಡಿದ. ಥಾಮ್ಸನ್ ಮೊದಲಿಗನೆಂದು ತಿಳಿದಾಗ ಡನ್ಲಪ್ಪನ ಪೇಟೆಂಟ್ ಬಿದ್ದುಹೋಯಿತು. ಹೆಸರು ಮಾತ್ರ ಅವನದೇ ಉಳಿದು, ನಮ್ಮಲ್ಲಿ ಟೈರು ಕಟ್ಟಿದ ಎತ್ತಿನ ಗಾಡಿಯೂ ಡನ್ಲಪ್ ಗಾಡಿಯಾಯಿತು. ಕಬ್ಬಿಣದ ಪಟ್ಟಿಯ ಚಕ್ರ ಗದ್ದೆಯಲ್ಲಿ ಇಳಿದುಬಿಡುತ್ತಿತ್ತು, ಗಾಳಿಯ ಚಕ್ರ ಅಷ್ಟು ಇಳಿಯಲಿಲ್ಲ. ಟೈರು ನೆಲದ ಮೇಲೆ ಚಪ್ಪಟೆಯಾಗಿ, ಭಾರ ಹೆಚ್ಚು ಜಾಗಕ್ಕೆ ಹಂಚಿಹೋಗುವುದೇ ಕಾರಣ.

ಆ ಜಾಗದ ಲೆಕ್ಕ ಸುಲಭ. ಹಿಂದಿನ ಒಂದು ಚಕ್ರದ ಮೇಲೆ 900 ಕಿಲೋ ಬಿದ್ದಿದೆ, ಗಾಳಿ 60 ಪಿಎಸ್‌ಐ ಇದೆ ಎಂದಿಟ್ಟುಕೊಳ್ಳಿ. ನೆಲ ಮುಟ್ಟುವ ಜಾಗ ಸುಮಾರು 33 ಚದರ ಇಂಚು. ಅದೇ ಗಾಳಿಯಲ್ಲಿ ಅಗಲದ ಟೈರ್ ಹಾಕಿದರೂ ಜಾಗ ಹೆಚ್ಚುಕಡಿಮೆ ಅಷ್ಟೇ. ಉದ್ದ ಕಡಿಮೆಯಾಗಿ ಅಗಲ ಹೆಚ್ಚುತ್ತದೆ. ಅಗಲದ ಟೈರ್ ಹಾಕಿದ ಗಾಡಿ ಕೆಸರು ದಾಟಿದ್ದನ್ನು ಕಣ್ಣಾರೆ ಕಂಡಿದ್ದೇವಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ದಾಟಿರಬಹುದು. ಅಗಲದ ಟೈರು ಅದೇ ಭಾರವನ್ನು ಕಡಿಮೆ ಗಾಳಿಯಲ್ಲಿ ಹೊರಬಲ್ಲದು. ಗಾಳಿ ಇಳಿಸಿದ್ದರೆ ಅದರ ಫಲ, ಇಲ್ಲವಾದರೆ ಆಳ ಹಲ್ಲಿನ ಲಗ್ ಟೈರಿನ ಫಲ. ಇನ್ನೊಂದು ಸಂಗತಿಯನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಪಿಕಪ್‌ನಲ್ಲಿ ಎಂಜಿನ್ ಮುಂದೆ, ತಳ್ಳುವ ಚಕ್ರ ಹಿಂದೆ. ಖಾಲಿ ಗಾಡಿಯ ಹಿಂಚಕ್ರದ ಮೇಲೆ 350 ಕಿಲೋ ಮಾತ್ರ ಉಳಿದರೆ, ಲೋಡಿಗೆಂದು ತುಂಬಿಸಿದ 60 ಪಿಎಸ್‌ಐನಲ್ಲಿ ನೆಲ ಮುಟ್ಟುವ ಜಾಗ 13 ಚದರ ಇಂಚಿಗೆ ಇಳಿಯುತ್ತದೆ. ಹಿಡಿತಕ್ಕೆ ಬೇಕಾದ ಭಾರವೂ ಇಲ್ಲ, ಜಾಗವೂ ಇಲ್ಲ. ಅಡಿಕೆ ಇಳಿಸಿ ಬರುವ ಗಾಡಿ ಚಕ್ರ ಸುತ್ತಿಸುತ್ತಾ ನಿಲ್ಲುವುದೂ, ಟೈರು ನಡುವಿನಲ್ಲೇ ಸವೆಯುವುದೂ ಇದರಿಂದ. ಹಾಗೆಂದು ಗಾಳಿ ಇಳಿಸಿಕೊಂಡೇ ಲೋಡು ಹೇರಿ ದಾವಣಗೆರೆ ರಸ್ತೆಗೆ ಏರಿದರೆ ಪಕ್ಕದ ಗೋಡೆ ಬಗ್ಗಿ ಬಗ್ಗಿ ಕಾದು ಟೈರ್ ಸಿಡಿದೀತು.

ಪಕ್ಕದ ಗೋಡೆಯ ಮೇಲಿನ ಬರಹದಲ್ಲಿ ಅಳತೆಗಿಂತ ಮೊದಲು ನೋಡಬೇಕಾದ್ದು ಭಾರದ ಸಂಖ್ಯೆ: 104 ಎಂದಿದ್ದರೆ ಒಂದು ಟೈರಿಗೆ ಗರಿಷ್ಠ 900 ಕಿಲೋ, 109ಕ್ಕೆ 1030. ಕಂಪನಿ ಕೊಟ್ಟದ್ದಕ್ಕಿಂತ ಇದು ಇಳಿಯಕೂಡದು. ‘ಪ್ಲೈ’ ಎಂಬುದು ಹತ್ತಿಯ ಬಟ್ಟೆಯ ಪದರ ಎಣಿಸುತ್ತಿದ್ದ ಕಾಲದ ಲೆಕ್ಕ. ಇಂದಿನ ನೈಲಾನ್, ಪಾಲಿಯೆಸ್ಟರ್, ಉಕ್ಕಿನ ಟೈರಿನಲ್ಲಿ ಅಷ್ಟು ಪದರ ಇರಬೇಕೆಂದಿಲ್ಲ, ಗಟ್ಟಿತನದ ದರ್ಜೆ ಅಷ್ಟೆ. ಪ್ಲೈ ಹೆಚ್ಚಿಸಿದರೆ ಲೋಡೂ ಹೆಚ್ಚಿಸಬಹುದೆಂಬ ವಾದ ಇಲ್ಲೇ ಮುರಿಯುತ್ತದೆ: ಟೈರು ತಾಳಿಕೊಂಡರೂ ಆಕ್ಸೆಲ್, ಬೇರಿಂಗ್, ಬ್ರೇಕು ಹಳೆಯವೇ.

ಎತ್ತರದ ಮಾತಿಗೆ ಬಂದರೆ, 215/75 ಆರ್ 15 ಎಂದರೆ ಅಗಲ 215 ಮಿಲಿಮೀಟರ್, ಗೋಡೆಯ ಎತ್ತರ ಅದರ ಶೇಕಡಾ 75, ಆರ್ ಎಂದರೆ ರೇಡಿಯಲ್, ಡಿಸ್ಕ್ 15 ಇಂಚು. ಒಟ್ಟು ವ್ಯಾಸ ಸುಮಾರು 703 ಮಿಲಿಮೀಟರ್. ಇದನ್ನು ತೆಗೆದು 235/75 ಹಾಕಿದರೆ 733. ಗಾಡಿ ಏರುವುದು ಒಂದೂವರೆ ಸೆಂಟಿಮೀಟರ್ ಮಾತ್ರ. ಆದರೆ ಎಳೆಯುವ ಬಲ ನೂರಕ್ಕೆ ನಾಲ್ಕರಷ್ಟು ಕುಗ್ಗುತ್ತದೆ, ಮೀಟರು 60 ತೋರಿಸುವಾಗ ಗಾಡಿ 62ನ್ನು ದಾಟಿರುತ್ತದೆ. ತುಂಬಿದ ಲೋಡಿನಲ್ಲಿ ಏರಿ ಹತ್ತುವವರಿಗೆ ಇದು ನಷ್ಟದ ವ್ಯಾಪಾರ. ಕತ್ತಲಗೆರೆಯವರು ಕಂಪನಿಯ ಅಳತೆಯಲ್ಲೇ ಹಿಂದಕ್ಕೆ ಲಗ್ ಹಾಕಿಸಲಿ. ಜಗಳೂರಿನ ಒಣ ರಸ್ತೆಯಲ್ಲಿ ಮೆಕ್ಕೆಜೋಳ ಸಾಗಿಸುವವರಿಗೆ ಡಾಂಬರಿನ ಮೇಲೆ ಬೇಗ ಸವೆಯುವ ಆ ಹಲ್ಲುಗಳ ಹಂಗಿಲ್ಲ, ನೇರ ಗೆರೆಯ ರಿಬ್ ಸಾಕು. ಒಂದೇ ಆಕ್ಸೆಲ್‌ಗೆ ಒಂದು ರೇಡಿಯಲ್, ಒಂದು ಓರೆ ನೂಲಿನ ನೈಲಾನ್ ಟೈರ್ ಹಾಕುವುದಂತೂ ಬೇಡವೇ ಬೇಡ. ಹಲ್ಲಿನ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾದ ಟೈರಿಗೆ ಕಾನೂನಿನಲ್ಲೂ ಜಾಗವಿಲ್ಲ.